ಅಮ್ಮನ ಮೊದಲ ಗುಟುಕು

ಮಗಳಿಗೆ ನೋವು ಶುರುವಾಗಿದೆ ಎಂದು ಅಳಿಯ ಫೋನು ಮಾಡಿದಾಗ ಅಮ್ಮ ಹೊಲಿಗೆ ಯಂತ್ರದ ಮುಂದಿದ್ದಳು. ಶಾಲೆ ಮಕ್ಕಳ ಅಂಗಿಯೊಂದಕ್ಕೆ ಒಂದು ತೋಳು ಕೂಡಿಸಿ ಆಗಿತ್ತು, ಇನ್ನೊಂದು ಸೂಜಿಯ ಕೆಳಗಿತ್ತು. ಅದನ್ನು ಹಾಗೇ ಬಿಟ್ಟು ಎದ್ದಳು. ಬಾಗಿಲಿಗೆ ಬೀಗ ಹಾಕುವುದು ನೆನಪಾಯಿತು, ಚಪ್ಪಲಿ ಮೆಟ್ಟುವುದು ನೆನಪಾಯಿತು, ಕೊರಳಲ್ಲಿ ಜೋಲುತ್ತಿದ್ದ ಅಳತೆ ಟೇಪು ತೆಗೆದಿಡುವುದು ಮಾತ್ರ ನೆನಪಾಗಲಿಲ್ಲ. ಆಗಷ್ಟೇ ಸೋಸಿಟ್ಟ ಚಹಾ ಒಲೆಯ ಪಕ್ಕದಲ್ಲಿ ಹಬೆಯಾಡುತ್ತಿತ್ತು. ಅದರತ್ತ ಹೋದ ಕೈ ಅರ್ಧದಲ್ಲೇ ನಿಂತಿತು. ಚಹಾವನ್ನು ಮೋರಿಗೆ ಬಗ್ಗಿಸಿ, ಲೋಟ ಬೋರಲು ಹಾಕಿ ಹೊರಟಳು.

ಅವಳ ಹರಕೆಯ ಉಪವಾಸ ಅಲ್ಲಿಂದ ಶುರುವಾಯಿತು.

ಹರಕೆ ಹಳೆಯದು. ಇದೇ ಮಗಳನ್ನು ಹೆರುವಾಗ ಹೊತ್ತದ್ದು. ಆಗ ಅವಳಿದ್ದ ಆಸ್ಪತ್ರೆಯಲ್ಲಿ ನೋವು ಬಂದವಳ ಬಾಯಿಗೆ ಏನನ್ನೂ ಕೊಡುತ್ತಿರಲಿಲ್ಲ. ನಾಲಿಗೆ ಅಂಗುಳಿಗೆ ಅಂಟಿಕೊಂಡಿತ್ತು. ನೀರು ಎಂದರೆ ಒದ್ದೆ ಹತ್ತಿಯಲ್ಲಿ ತುಟಿ ಒರೆಸಿ ಹೋಗುತ್ತಿದ್ದರು. ಕೊನೆಗೂ ಕೂಸು ಹುಟ್ಟಿತು, ಆದರೆ ಅಳಲಿಲ್ಲ. ಯಾರೋ ಅದನ್ನೆತ್ತಿಕೊಂಡು ಪಕ್ಕದ ಕೋಣೆಗೆ ಓಡಿದರು. ಅವಳು ಒಣಗಿದ ಬಾಯಲ್ಲೇ ದೇವರಿಗೆ ಹೇಳಿಕೊಂಡಳು: ಇವಳನ್ನು ಉಳಿಸಿಕೊಡು, ಇವಳೂ ಒಂದು ದಿನ ಹೆತ್ತರೆ, ಆ ಕೂಸಿನ ಅಳು ಕೇಳುವ ತನಕ ನಾನು ಹನಿ ನೀರು ಮುಟ್ಟುವುದಿಲ್ಲ. ಮಾತು ಮುಗಿಯುವುದಕ್ಕೂ ಗೋಡೆಯಾಚೆ ಕೂಸು ಕಿರ್ರೆಂದು ಅಳುವುದಕ್ಕೂ ಸರಿಹೋಯಿತು. ಆ ಮಾತನ್ನು ಅವಳು ಯಾರ ಕಿವಿಗೂ ಹಾಕಲಿಲ್ಲ. ತನಗೂ ದೇವರಿಗೂ ಇರುವ ಮಾತು, ನಡುವೆ ಮೂರನೆಯವರೇಕೆ ಎಂದು ಸುಮ್ಮನಿದ್ದಳು.

ಆಸ್ಪತ್ರೆಯ ಕಾರಿಡಾರಿನಲ್ಲಿ ಅಳಿಯ ಬೆಂಚಿನ ತುದಿಗೆ ಕೂತು ಬನ್ನು ತಿನ್ನುತ್ತಿದ್ದ. ಪೇಟೆಯಲ್ಲಿ ಕೀಲಿಕೈ ಮಾಡುವ ಅಂಗಡಿ ಅವನದು. ಅತ್ತೆಯನ್ನು ಕಂಡವನೇ ದಡಬಡಿಸಿ ಎದ್ದ. ಅಂಗಿಯ ಮೇಲಿದ್ದ ಚೂರುಗಳೆಲ್ಲ ನೆಲಕ್ಕುದುರಿದವು.

“ಬನ್ನಿ ಅತ್ತೆ. ಅವಳಿಗೆ ಅಂತ ತಂದಿದ್ದೆ. ಭಯಕ್ಕೆ ನಾನೇ ತಿಂದ್ಬಿಟ್ಟೆ.”

“ಎಲ್ಲಾನೂ?”

“ಬಾಳೆಹಣ್ಣು ಉಳಿದಿದೆ. ನೀವೊಂದು ತಗೊಳ್ಳಿ, ಮುಖ ಬಾಡಿದೆ.”

“ನಂದು ಆಯ್ತಪ್ಪ,” ಎಂದಳು ಅಮ್ಮ. ಅದು ಆ ದಿನದ ಮೊದಲ ಸುಳ್ಳು.

ಅಷ್ಟರಲ್ಲಿ ಬಾಗಿಲು ತೆರೆದು ಸಿಸ್ಟರ್ ಹೊರಬಂದಳು. ಆ ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಗಡಿಬಿಡಿ ಸಿಸ್ಟರ್ ಎಂದೇ ಕರೆಯುತ್ತಿದ್ದರು, ಏಕೆಂದರೆ ಅವಳು ಗಡಿಬಿಡಿ ಮಾಡಿದ್ದನ್ನು ಇದುವರೆಗೆ ಯಾರೂ ಕಂಡಿರಲಿಲ್ಲ. ಅಳಿಯನನ್ನು ಮೇಲಿಂದ ಕೆಳಗೆ ನೋಡಿದಳು.

“ಏನ್ರೀ, ಊರಿನ ಬೀಗವನ್ನೆಲ್ಲ ತೆಗೀತೀರಂತೆ, ಒಂದು ಬಾಗಿಲ ಮುಂದೆ ಕೂತ್ಕೊಂಡು ಹೀಗೆ ಬೆವರೋದಾ?”

“ಇದಕ್ಕೆ ಕೀಲಿ ಒಳಗಡೆ ಇದೆ ಸಿಸ್ಟರ್,” ಎಂದ ಅವನು, ಬಾಯಲ್ಲಿದ್ದುದನ್ನು ನುಂಗಿಕೊಂಡು.

“ಅಷ್ಟು ತಿಳಿದಿದ್ರೆ ಸಾಕು. ನೀವು ಬನ್ನಿ ಅಮ್ಮಾ. ನಿಮ್ಮನ್ನೇ ಕೇಳ್ತಿದಾಳೆ.”

ಮಗಳು ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಡ್ರೈವಿಂಗ್ ಶಾಲೆಯಲ್ಲಿ ಕಲಿಸುವವಳು ಅವಳು. ಮೀಸೆ ಹೊತ್ತ ಗಂಡಸರು ಅವಳ ಪಕ್ಕದ ಸೀಟಿನಲ್ಲಿ ಕೂತು, ಗೇರು ತಪ್ಪಿಸಿ ಬೈಸಿಕೊಂಡು, ತೆಪ್ಪಗೆ ಇಳಿದು ಹೋಗುತ್ತಿದ್ದರು. ಈಗ ಅವಳ ಕೂದಲು ಹಣೆಗೆ ಅಂಟಿತ್ತು, ತುಟಿ ಬಿರಿದಿತ್ತು. ಅಮ್ಮನನ್ನು ಕಂಡು ನಗಲು ಹೋದಳು. ನಗು ಅರಳುವ ಮೊದಲೇ ನೋವು ಬಂತು. ಕೈಗೆ ಸಿಕ್ಕಿದ್ದು ಅಮ್ಮನ ಕೊರಳ ಟೇಪು. ಎರಡೂ ತುದಿ ಮುಷ್ಟಿಗೆ ಸುತ್ತಿಕೊಂಡು ಜಗ್ಗಿದಳು. ಅಮ್ಮ ಕೊರಳು ಬಗ್ಗಿಸಿ, ಅವಳ ಬೆನ್ನು ನೀವುತ್ತಾ ನಿಂತಳು. ನೋವು ಬಂದ ದಾರಿಯಲ್ಲೇ ಇಳಿದು ಹೋಯಿತು.

“ಅಳತೆ ತಗೊಳ್ಳೋಕೆ ಬಂದ್ಯಾ?” ಎಂದಳು ಮಗಳು, ಟೇಪು ಬಿಟ್ಟು.

“ಬಾಯಿಗೇನೂ ಕಮ್ಮಿ ಇಲ್ಲ. ಹಾಗಾದ್ರೆ ಚೆನ್ನಾಗಿದೀಯ ಬಿಡು.”

ಸಿಸ್ಟರ್ ಒಂದು ಜಗ್ಗು ಮತ್ತು ಬಟ್ಟಲು ತಂದು ಮೇಜಿನ ಮೇಲಿಟ್ಟಳು. ಜಗ್ಗಿನಲ್ಲಿ ಜೇನು ಕಲಸಿದ ಬಿಸಿನೀರು. ಬಟ್ಟಲಲ್ಲಿ ಹದವಾಗಿ ಸುಟ್ಟ ಬ್ರೆಡ್ಡು, ಬೆರಳುದ್ದ ಕತ್ತರಿಸಿದ್ದು.

“ಇದು ಯಾರಿಗೆ?” ಅಮ್ಮ ಕೇಳಿದಳು.

“ಮತ್ತ್ಯಾರಿಗೆ? ನಿಮ್ಮ ಮಗಳಿಗೆ.”

“ನೋವಿನಲ್ಲಿ ಕುಡೀಬಹುದಾ?”

“ಡಾಕ್ಟ್ರೇ ನೋಡಿ ಹೇಳಿ ಹೋದ್ರು. ಎಲ್ಲ ಸರಿಯಾಗಿದೆ, ಗುಟುಕು ಗುಟುಕಾಗಿ ಕುಡೀಲಿ, ಬೇಕು ಅನ್ನಿಸಿದ್ರೆ ಹಗುರವಾಗಿ ತಿನ್ಲಿ ಅಂತ. ಮುಂಚೆ ಬೇಡ ಅಂತಿದ್ರು. ಆಪರೇಷನ್‌ಗೆ ಪ್ರಜ್ಞೆ ತಪ್ಪಿಸಬೇಕಾಗಿ ಬಂದ್ರೆ ತಿಂದದ್ದು ಉಸಿರಿಗೆ ಸಿಕ್ಕುತ್ತೆ ಅಂತ ಹೆದರಿಕೆ. ಈಗಲೂ ಕೆಲವರಿಗೆ ಬೇಡ ಅಂತೀವಿ. ಇವಳಿಗೆ ಅಂಥದ್ದೇನಿಲ್ಲ. ಮಗು ಹೆರೋದು ಅಂದ್ರೆ ಗುಡ್ಡ ಹತ್ತೋ ಕೆಲಸ, ಬರೀ ಹೊಟ್ಟೇಲಿ ಯಾರಿಗೆ ಹತ್ತೋಕಾಗುತ್ತೆ?”

ಅಮ್ಮ ಜಗ್ಗನ್ನೇ ನೋಡಿದಳು. ಅಂದು ತನ್ನ ಬಾಯಿ ಒಣಗಿದ್ದು ಒಂದು ಆಸ್ಪತ್ರೆಯ ಕಟ್ಟಳೆಯಿಂದ. ಅದನ್ನೇ ಅವಳು ಇಷ್ಟು ವರ್ಷ ತಾಯ್ತನಕ್ಕೆ ತೆರಬೇಕಾದ ಸುಂಕವೆಂದು ತಿಳಿದಿದ್ದಳು. ಆದರೂ ಕೊಟ್ಟ ಮಾತು ಕೊಟ್ಟ ಮಾತೇ. ಲೋಟಕ್ಕೆ ಜೇನುನೀರು ಬಗ್ಗಿಸಿ ಮಗಳಿಗೆ ಚಾಚಿದಳು.

ಮಗಳು ತೆಗೆದುಕೊಳ್ಳಲಿಲ್ಲ. ಅಮ್ಮನ ಮುಖ ನೋಡುತ್ತಾ ಕಾದಳು.

ಅವರ ಮನೆಯಲ್ಲಿ ಒಂದು ರೂಢಿಯಿತ್ತು. ಚಿಕ್ಕಂದಿನಲ್ಲಿ ಒಮ್ಮೆ ಬಿಸಿ ಹಾಲಿನಿಂದ ನಾಲಿಗೆ ಸುಟ್ಟುಕೊಂಡ ಮಗಳು ಲೋಟ ಕಂಡರೆ ಓಡುತ್ತಿದ್ದಳು. ಅಮ್ಮ ತಾನೇ ಮೊದಲು ಒಂದು ಗುಟುಕು ‘ಸುರ್’ ಎಂದು ಹೀರಿ, “ಆರಿದೆ, ಕುಡಿ” ಎನ್ನುತ್ತಿದ್ದಳು. ಆ ‘ಸುರ್’ ಕೇಳಿದ ಮೇಲೆಯೇ ಮಗಳು ಬಾಯಿ ತೆರೆಯುತ್ತಿದ್ದುದು. ಬೆಳೆದಳು, ಗಾಡಿ ಓಡಿಸಿದಳು, ಮದುವೆಯಾದಳು. ಹೊರಗೆಲ್ಲ ಯಾರನ್ನೂ ಕಾಯದೆ ಕುಡಿಯುತ್ತಿದ್ದಳು. ಅಮ್ಮ ಎದುರಿಗಿದ್ದರೆ ಮಾತ್ರ ಇವತ್ತಿಗೂ ‘ಸುರ್’ ಆಗಬೇಕು. ಅಳಿಯನಿಗೆ ಇದು ದೊಡ್ಡ ತಮಾಷೆ. “ನಮ್ಮತ್ತೆ ಹಾರ್ನ್ ಹೊಡೆದ್ರೇನೇ ಇವಳ ಗಾಡಿ ಮುಂದಕ್ಕೆ ಹೋಗೋದು,” ಎನ್ನುತ್ತಿದ್ದ.

ಅಮ್ಮ ಲೋಟವನ್ನು ತುಟಿಗೆ ತಾಗಿಸಿದಳು. ತುಟಿ ಬಿಗಿಯಾಗಿ ಮುಚ್ಚಿಕೊಂಡಿದ್ದಳು. ಜೇನಿನ ಘಮ ಮೂಗಿಗೆ ಬಡಿದು ಗಂಟಲು ತಾನಾಗಿ ಮೇಲೆ ಕೆಳಗೆ ಆಡಿತು. “ಆರಿದೆ, ಕುಡಿ,” ಎಂದಳು. ಎರಡನೆಯ ಸುಳ್ಳು.

“ಸದ್ದೇ ಬರ್ಲಿಲ್ಲ,” ಎಂದಳು ಮಗಳು.

“ಆಸ್ಪತ್ರೇಲಿ ಸದ್ದು ಮಾಡ್ತಾರೇನೇ?”

“ಲೋಟ ತೋರ್ಸು. ಅಮ್ಮ, ಹಾಕಿದಷ್ಟೂ ಹಾಗೇ ಇದೆ. ಬೆಳಿಗ್ಗೆಯಿಂದ ಏನು ತಿಂದೆ ನೀನು?”

“ಈಗ ಅದೆಲ್ಲ ಯಾಕೆ?”

“ಏನು ತಿಂದೆ ಅಂತ ಕೇಳಿದ್ದು.”

ಅಮ್ಮನಿಗೆ ಮೂರನೆಯ ಸುಳ್ಳು ಹೊಳೆಯಲಿಲ್ಲ. ನೆಲ ನೋಡುತ್ತಾ, ಹರಕೆಯ ಕಥೆಯನ್ನೆಲ್ಲ ಮೆಲ್ಲಗೆ ಹೇಳಿಬಿಟ್ಟಳು. ಸಿಸ್ಟರ್ ಹಾಸಿಗೆಯ ಬಟ್ಟೆ ಸರಿಮಾಡುವ ನೆಪದಲ್ಲಿ ಬೆನ್ನು ಹಾಕಿ ಕೇಳಿಸಿಕೊಂಡಳು.

“ಎಂಥವಳೇ ನೀನು!” ಎಂದಳು ಮಗಳು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. “ನಾನು ಹುಟ್ಟಿ ಗಳಿಗೆ ಆಗಿಲ್ಲ, ಆಗ್ಲೇ ನನ್ನ ಹೆರಿಗೇಗೆ ಹರಕೆ ಹೊತ್ತಿದೀಯ. ಒಂದು ಮಾತು ನನ್ನ ಕೇಳಿದ್ಯಾ?”

“ನೀನು ಅಳ್ತಾನೇ ಇರ್ಲಿಲ್ಲ, ಇನ್ನು ಕೇಳೋದೆಲ್ಲಿ?”

“ಸರಿ. ನೀನು ಕುಡಿಯೋ ತನಕ ನಾನೂ ಕುಡಿಯಲ್ಲ.”

“ಹಟ ಮಾಡೋ ಹೊತ್ತಾ ಇದು?”

“ಹಟ ಅಲ್ಲ ಅಮ್ಮ,” ಎಂದಳು ಮಗಳು. ದನಿ ಥಟ್ಟನೆ ಚಿಕ್ಕ ಹುಡುಗಿಯದಾಗಿತ್ತು. “ನಂಗೆ ಭಯ ಆಗ್ತಿದೆ. ಹೊಟ್ಟೆ ತೊಳಸ್ತಿದೆ. ನೀನು ಕುಡಿದ್ರೆ ಕುಡೀಬಹುದು ಅನ್ಸುತ್ತೆ. ಇಲ್ದಿದ್ರೆ ಒಳಗೇ ಇಳಿಯಲ್ಲ.”

ಮತ್ತೆ ನೋವು ಬಂತು, ಮತ್ತೆ ಟೇಪು ಬಿಗಿಯಿತು. ಈ ಸಲ ನೋವು ಇಳಿದ ಮೇಲೂ ಮಗಳು ಟೇಪು ಬಿಡಲಿಲ್ಲ. ಸಿಸ್ಟರ್ ಅವಳನ್ನು ಮಂಚಕ್ಕೆ ಒರಗಿಸಿ, ನಾಡಿ ಹಿಡಿದು, ಅಮ್ಮನ ಬಳಿ ಬಂದಳು.

“ನಿಮ್ಮ ದೇವರ ವಿಷಯಕ್ಕೆ ನಾನು ಬರಲ್ಲಮ್ಮ. ಆದ್ರೆ ಬಾಯಿ ಒಣಗ್ತಿದೆ, ಸುಸ್ತಾಗಿದಾಳೆ. ಹೀಗೇ ಇದ್ರೆ ಡ್ರಿಪ್ ಹಾಕಬೇಕಾಗುತ್ತೆ. ಅದೇನು ಮಹಾ ಅಲ್ಲ, ಹಾಕೋಣ. ಓಡಾಡೋಕೆ ಸ್ವಲ್ಪ ತೊಡಕು, ಅಷ್ಟೇ. ಓಡಾಡ್ತಿದ್ರೆ ಇವಳಿಗೆ ಹಗುರ ಆಗ್ತಿದೆ, ನೋಡ್ತಿದೀನಿ.”

ಅಮ್ಮ ಕಿಟಕಿಯ ಹತ್ತಿರ ಹೋಗಿ ನಿಂತಳು. ಕೆಳಗೆ ಅಂಗಳದಲ್ಲಿ ಒಗೆದ ಬಿಳಿ ಹೊದಿಕೆಗಳನ್ನು ಯಾರೋ ಸಾಲಾಗಿ ಒಣಹಾಕುತ್ತಿದ್ದರು. ಅವಳಿಗೆ ಹಸಿವಿನ ಚಿಂತೆಯಿರಲಿಲ್ಲ, ಬಾಯಾರಿಕೆಯದೂ ಇರಲಿಲ್ಲ. ಇದ್ದದ್ದು ಒಂದೇ ಭಯ. ಮಾತು ಮುರಿದರೆ, ಆ ಕೂಸು ಅಳದಿದ್ದರೆ?

ಅವಳು ಕೊಟ್ಟ ಮಾತಿನ ಕಥೆಗಳನ್ನು ಕೇಳಿ ಬೆಳೆದವಳು. ಅವಳಪ್ಪ ದಿನವೂ ಸಂಜೆ ದೀಪ ಹಚ್ಚಿ, ಕಾವ್ಯ ಬಿಡಿಸಿಕೊಂಡು, ರಾಗವಾಗಿ ಓದುತ್ತಿದ್ದ. ಆಡಿದ ಮಾತಿಗೆ ರಾಜ್ಯ ಬಿಟ್ಟವರು, ಕಾಡು ಹೊಕ್ಕವರು, ಪ್ರಾಣ ಕೊಟ್ಟವರು ಅವಳ ಕಿವಿಯಲ್ಲೇ ಮನೆಮಾಡಿದ್ದರು. ಅವರೆಲ್ಲ ಈಗ ಕಿಟಕಿಯಾಚೆ ಸಾಲುಗಟ್ಟಿ ನಿಂತು ತನ್ನನ್ನೇ ನೋಡುತ್ತಿರುವಂತೆ ಅನ್ನಿಸಿತು. ಅವರ ನಡುವೆ ಅಪ್ಪನ ದನಿಯೂ ಕೇಳಿತು. ಆದರೆ ಅದು ಓದುವ ದನಿಯಾಗಿರಲಿಲ್ಲ.

ಅವಳಾಗ ತೀರಾ ಚಿಕ್ಕವಳು. ಯುದ್ಧದ ಭಾಗ, ಬಾಣ ಬಿಲ್ಲಿಗೇರಿದೆ, ಪದ್ಯ ನಡುವಿನಲ್ಲಿದೆ. ಕೇಳಲು ಬಂದವರೆಲ್ಲ ಉಸಿರು ಹಿಡಿದು ಕೂತಿದ್ದಾರೆ. ಆಗ ಅವಳು ಅಪ್ಪನ ತೊಡೆ ಜಗ್ಗಿ, ನೀರು ಬೇಕು ಎಂದಿದ್ದಳು. ಹಿರಿಯರೊಬ್ಬರು ಶ್ ಎಂದು ಗದರಿದರು. ಅಪ್ಪ ಓದುವುದನ್ನು ನಿಲ್ಲಿಸಿದ. ಸಾಲಿನ ಮೇಲೆ ಬೆರಳಿಟ್ಟುಕೊಂಡೇ, ಇನ್ನೊಂದು ಕೈಯಲ್ಲಿ ಚೊಂಬೆತ್ತಿ ಅವಳ ಬಾಯಿಗೆ ಹಿಡಿದ. “ಪದ್ಯ ಎಲ್ಲಿಗೂ ಓಡಿ ಹೋಗಲ್ಲ. ನೀನು ಕುಡಿ ಮಗಳೇ,” ಎಂದ. ಅವಳು ಕುಡಿದು ಮುಗಿಸುವ ತನಕ ಆ ಬಾಣ ಬಿಲ್ಲಿನಲ್ಲೇ ಕಾದಿತ್ತು. ದೇವರ ಮುಂದೆ ಹಚ್ಚಿದ ದೀಪವೂ ಕಾದಿತ್ತು.

ಅಮ್ಮ ಕಣ್ಣು ಮುಚ್ಚಿದಳು. “ದೇವರೇ, ಅಂದು ನಿನ್ನ ಹತ್ರ ಕೇಳಿದ್ದು ಇವಳನ್ನು ಕಾಯಿ ಅಂತ. ಇವತ್ತೂ ಅದನ್ನೇ ಕೇಳ್ತಿದೀನಿ,” ಎಂದು ತುಟಿಯಲ್ಲೇ ಹೇಳಿಕೊಂಡಳು. “ತಪ್ಪು ಅಂತ ಇದ್ರೆ ನನ್ನ ತಲೆಗಿರ್ಲಿ. ಕೂಸಿನ ತಲೆಗೆ ಬೇಡ.”

ತಿರುಗಿ ಬಂದು ಲೋಟ ಎತ್ತಿಕೊಂಡಳು. ನೀರು ಆಗಲೇ ಆರಿತ್ತು, ಬಿಸಿ ನೋಡುವಂಥದ್ದೇನೂ ಉಳಿದಿರಲಿಲ್ಲ. ಆದರೂ ಮಗಳ ಕಣ್ಣೆದುರಿಗೆ ಹಿಡಿದು, ಒಣಗಿದ ಬಾಯಿಯ ಪೂರ್ತಿ ಆಸೆಯಿಂದ ಒಂದು ಗುಟುಕು ಹೀರಿದಳು. ‘ಸು...ರ್’ ಎಂಬ ಸದ್ದು ಇಡೀ ಕೋಣೆಗೆ ಕೇಳಿಸಿತು.

ಬಾಗಿಲ ಸಂದಿನಲ್ಲಿ ಅಳಿಯನ ತಲೆ ಕಾಣಿಸಿತು. “ಏನದು? ಆಯ್ತಾ?”

“ನಿಮ್ಮತ್ತೆ ನೀರು ಕುಡಿದ್ರು. ಹೋಗಿ ಕೂತ್ಕೊಳ್ಳಿ,” ಎಂದಳು ಸಿಸ್ಟರ್.

“ಹಾಗಾದ್ರೆ ಗಾಡಿ ಹೊರಡ್ತು,” ಎಂದು ತಲೆ ಹಿಂದಕ್ಕೆ ಸರಿಯಿತು.

“ಆರಿದೆ, ಕುಡಿ,” ಎಂದಳು ಅಮ್ಮ. ಮಗಳು ಕುಡಿದಳು. ಒಂದು ಗುಟುಕು, ಸ್ವಲ್ಪ ತಡೆದು ಇನ್ನೊಂದು. ಅದು ಒಳಗೇ ನಿಂತಿತು. ಬ್ರೆಡ್ಡಿನ ಒಂದು ತುಂಡನ್ನು ಅಮ್ಮ ಕಚ್ಚಿ, ಉಳಿದದ್ದನ್ನು ಮಗಳ ಬಾಯಿಗಿಟ್ಟಳು. ಮಗಳು ಎದ್ದು ಮತ್ತೆ ಓಡಾಡತೊಡಗಿದಳು. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ. ನೋವು ಬಂದಾಗ ಟೇಪು, ಹೋದಾಗ ಲೋಟ. ಪ್ರತಿ ಸಲವೂ ಅಮ್ಮನದು ಮೊದಲ ಗುಟುಕು. ಜಗ್ಗು ಖಾಲಿಯಾಗಿ ಇನ್ನೊಂದು ಬಂತು. ಹೊತ್ತು ಇಳಿಯುವಾಗ ಮಗಳು ಲೋಟ ಕಂಡರೆ ಮುಖ ತಿರುಗಿಸತೊಡಗಿದಳು. “ಬೇಡ ಅಂದ್ರೆ ಬಿಡಿ. ಇನ್ನು ಹೊತ್ತು ಹತ್ರ ಬಂತು,” ಎಂದಳು ಸಿಸ್ಟರ್.

“ಈಗ ಒತ್ಲಾ?” ಎಂದು ಮಗಳು ಹಲ್ಲು ಕಚ್ಚಿ ಕೇಳಿದಾಗ, “ತಡೀರಿ ಮೇಡಂ, ಸಿಗ್ನಲ್ ಬಿದ್ದಿಲ್ಲ,” ಎಂದಳು ಸಿಸ್ಟರ್. ಸಿಗ್ನಲ್ ಬಿದ್ದ ಮೇಲೆ ಡಾಕ್ಟರೂ ಬಂದರು. ಆಮೇಲೆ ತಮಾಷೆಗೆ ಯಾರಿಗೂ ಬಿಡುವಿರಲಿಲ್ಲ.

ಕೂಸು ಹೊರಬಂತು. ಒಂದು ಕ್ಷಣ ಕೋಣೆಯಲ್ಲಿ ಯಾವ ಸದ್ದೂ ಇಲ್ಲ. ಅಮ್ಮನ ನಾಲಿಗೆಯ ಮೇಲೆ ಜೇನಿನ ಸಿಹಿ ಇನ್ನೂ ಇತ್ತು. ಅದನ್ನು ಉಗುಳಿಬಿಡಲೇ ಎನ್ನಿಸಿತು, ಹಿಂದಕ್ಕೆ ಕೊಟ್ಟುಬಿಡಲೇ ಎನ್ನಿಸಿತು. ಕೊರಳ ಟೇಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಷ್ಟರಲ್ಲಿ ಕೂಸು ಅತ್ತಿತು. ಸಣ್ಣಗಲ್ಲ, ಮುಲುಗಿ ಅಲ್ಲ. ಬಾಗಿಲಾಚೆ ಬೆಂಚು ಸರಿದ ಸದ್ದನ್ನೂ ನುಂಗಿಹಾಕುವಂತೆ, ಬೈಯುವ ಹಾಗೆ ಅತ್ತಿತು.

“ತಾಯಿ ಹಾಗೇನೇ. ಹುಟ್ತಾನೇ ಕಲಿಸೋಕೆ ಶುರು,” ಎಂದರು ಡಾಕ್ಟರು.

ಅಮ್ಮ ಗೋಡೆಗೆ ಒರಗಿ ಕೈ ಮುಗಿದಳು. ಅಪ್ಪ ಬೆರಳು ತೆಗೆದು ಮುಂದಿನ ಸಾಲು ಓದಲು ತೊಡಗಿದಂತೆ ಇತ್ತು.

ಸಂಜೆಯ ಬಿಸಿಲು ಮಂಚದ ಕಾಲಿಗೆ ಬಂದಾಗ ಹೆಣ್ಣುಕೂಸನ್ನು ಮಗಳ ಎದೆಗೆ ಹಾಕಿದ್ದರು. ಅಳಿಯ ಒಂದು ಕಣ್ಣಲ್ಲಿ ಅಳುತ್ತಾ, ಒಂದು ಕಣ್ಣಲ್ಲಿ ಕೂಸನ್ನು ನೋಡುತ್ತಾ, ಉಳಿದಿದ್ದ ಬಾಳೆಹಣ್ಣು ಸುಲಿಯುತ್ತಿದ್ದ. ಕೂಸು ಬಾಯಿ ತೆರೆದು ಹಾಲು ಅರಸುತ್ತಿತ್ತು. ಅಮ್ಮ ಹತ್ತಿರಕ್ಕೆ ಬಗ್ಗಿದಳು.

“ಅಜ್ಜೀ,” ಎಂದಳು ಸಿಸ್ಟರ್, ಗಂಭೀರವಾಗಿ, “ಇದನ್ನ ಮಾತ್ರ ನೀವು ಮೊದಲು ರುಚಿ ನೋಡೋ ಹಾಗಿಲ್ಲ.”

ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ನಕ್ಕರೆ ನೋಯುತ್ತದೆ ಎಂದು ಬೈದಳು, ಮತ್ತೆ ನಕ್ಕಳು. ಅಮ್ಮ ನಾಚಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಕೂಸಿಗೆ ದಾರಿ ಸಿಕ್ಕಿತು. ಯಾರೂ ಬಿಸಿ ಆರಿಸಿ ಕೊಡಬೇಕಾಗಿಲ್ಲದ ಹದದ ಹಾಲನ್ನು ಅದು ತಾನೇ ಕುಡಿಯತೊಡಗಿತು.

ಬಾಣಂತಿಗೆಂದು ಚಹಾ ಬಂತು, ಹಬೆಯಾಡುವ ದೊಡ್ಡ ಲೋಟದಲ್ಲಿ. ಮಗಳು ಅದನ್ನು ಮುಟ್ಟಲಿಲ್ಲ. ಅಮ್ಮನ ಕಡೆ ನೋಡಿದಳು, ಅಷ್ಟೇ.

ಅಮ್ಮ ಲೋಟ ಎತ್ತಿ ‘ಸುರ್’ ಎಂದು ಹೀರಿದಳು. ಆ ಸದ್ದಿಗೆ ಕೂಸು ಚೀಪುವುದನ್ನು ನಿಲ್ಲಿಸಿ, ಹುಬ್ಬು ಗಂಟಿಕ್ಕಿ, ಸ್ವಲ್ಪ ಆಲಿಸಿತು. ಆಮೇಲೆ ಇದು ಇದ್ದದ್ದೇ ಎಂಬಂತೆ ಮತ್ತೆ ಕುಡಿಯುವುದಕ್ಕೆ ಹೊರಳಿತು.

“ಬಿಸಿ ಇದೆ ಕಣೆ,” ಎಂದಳು ಅಮ್ಮ, ಇನ್ನೊಂದು ಗುಟುಕು ಹೀರುತ್ತಾ. “ಸ್ವಲ್ಪ ತಡಿ.”