ಗುರುವಾರದ ರೇಡಿಯೋ ಪಾಠ

“ಆ ಪೆಟ್ಟಿಗೆ ತಬ್ಕಂಡು ಯಾಕ್ರೀ ನಿಂತಿದೀರಿ, ಮೇಷ್ಟ್ರೇ? ಓಡಿ ಹೋಗ್ತತಾ ಅದು? ಹಿಂದೆ ಬಂದು ಹುಡುಗರ ಜತೆ ಕೂತ್ಕಳ್ರಿ.”

ಶಾಲಾ ಇನ್‌ಸ್ಪೆಕ್ಟರ್ ನಿಯಾಜ್ ಅಹಮದ್ ಬಾಯಿ ತುಂಬ ಎಲೆ-ಅಡಿಕೆ ಇಟ್ಟುಕೊಂಡು ಮಾತಾಡುತ್ತಿದ್ದರು. ಆ ತುಟಿಗಳಿಂದ ಮಾತು ಬಿಡಿಸಿಕೊಳ್ಳಲು ಷಣ್ಮುಖಪ್ಪ ಮೇಷ್ಟ್ರಿಗೆ ತುಸು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ರೇಡಿಯೋ ಮೇಲಿಟ್ಟಿದ್ದ ಅಂಗೈ ತೆಗೆದರು.

“ಜಗಳೂರು ಟ್ರೈನಿಂಗ್‌ನಾಗೆ ಹೇಳಿರ್ಲಿಲ್ವಾ? ಪಾಠ ಮುಗಿಯೋಗಂಟ ಮೇಷ್ಟ್ರೂ ಹುಡುಗರಂಗೆ ಕೇಳಬೇಕು.”

ಹೇಳಿದ್ದರೇನೋ. ಎರಡು ದಿನದ ಆ ತರಬೇತಿಯಲ್ಲಿ ಕಲಿಸಿದವರು ಬೋರ್ಡಿನ ಕಡೆ ಮುಖ ಮಾಡಿಕೊಂಡೇ ಮಾತಾಡಿದ್ದರು. ಎಲ್ಲರೂ ತಲೆದೂಗಿದಾಗ ಷಣ್ಮುಖಪ್ಪನವರೂ ತಲೆದೂಗಿ, ಸರ್ಟಿಫಿಕೇಟು ಮಡಚಿಕೊಂಡು ಬಿಳಿಚೋಡಿನ ಬಸ್ಸು ಹತ್ತಿದ್ದರು.

ನಾಲ್ಕು ವರ್ಷದಿಂದ ಒಂದೊಂದೇ ಸದ್ದು ಬಿಟ್ಟುಕೊಡುತ್ತಾ ಬಂದಿದ್ದ ಕಿವಿ ಈಗ ಪೂರ್ತಿ ಮುಚ್ಚಿತ್ತು. ಹೆಂಡತಿ ಕಸ್ತೂರಮ್ಮನನ್ನು ಬಿಟ್ಟರೆ ಇನ್ನಾರಿಗೂ ಗೊತ್ತಿರಲಿಲ್ಲ. ಸರ್ವೀಸು ಇನ್ನೂ ಮೂರು ವರ್ಷವಿತ್ತು. ಇಲಾಖೆಗೆ ತಿಳಿದರೆ ಡಾಕ್ಟರ ಮುಂದೆ ನಿಲ್ಲಿಸಿ ಮನೆಗೆ ಕಳಿಸಿಬಿಡುತ್ತಿದ್ದರು. ಮಕ್ಕಳ ತುಟಿ ನೋಡಿ ಮಗ್ಗಿ ಒಪ್ಪಿಸಿಕೊಳ್ಳುವುದು ಕಷ್ಟವೇನಿರಲಿಲ್ಲ. ಆದರೆ ಎಪ್ಪತ್ತೆಂಟರ ಜೂನಿನಲ್ಲಿ ಶಾಲೆಗೆ ರೇಡಿಯೋ ಬಂತು. ನೋಡೋಣವೆಂದರೆ ಅದಕ್ಕೆ ತುಟಿಯಿಲ್ಲ. ಮರದ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರೆ ಸಣ್ಣಗೆ ನಡುಕ ಸಿಗುತ್ತಿತ್ತು. ಪಾಠ ಶುರುವಾದದ್ದು, ಮುಗಿದದ್ದು ಅಷ್ಟರಲ್ಲೇ ತಿಳಿಯಬೇಕು. ಉಳಿದದ್ದಕ್ಕೆ ಮೊದಲೇ ಅಂಚೆಯಲ್ಲಿ ಬರುವ ಕೈಪಿಡಿ ಇತ್ತು. ಈ ವಾರದ ಜೇನುನೊಣದ ಪಾಠವನ್ನು ಬಾಯಿಪಾಠ ಮಾಡಿ, ನಿನ್ನೆಯೇ ಮಕ್ಕಳಿಗೆ ಒಂದು ಸಲ ಹೇಳಿಯೂ ಇದ್ದರು.

“ಇವತ್ತೊಂದಿನ ರಜಾ ಹಾಕ್ರಿ,” ಎಂದು ಬೆಳಿಗ್ಗೆ ಕಸ್ತೂರಮ್ಮ ಎದುರಿಗೆ ಕೂತು, ಬಾಯಿ ಅಗಲಿಸಿ ಹೇಳಿದ್ದಳು.

“ಇವತ್ತು ಹಾಕಿದ್ರೆ ಇನ್‌ಸ್ಪೆಕ್ಟರು ಮುಂದಿನ ವಾರ ಬರ್ತಾರೆ. ಎಷ್ಟಂತ ಹಾಕ್ಲಿ?”

“ಹಂಗಾರೆ ಅವರ ಬಾಯೇ ನೋಡ್ಕಂಡಿರ್ರಿ, ಹೊಸ ಸೊಸೆ ಅತ್ತೆ ಬಾಯಿ ನೋಡಿದಂಗೆ.”

ಇಬ್ಬರೂ ನಕ್ಕಿದ್ದರು.

ಎರಡು ನಲವತ್ತಕ್ಕೆ ಏಳನೇ ತರಗತಿಯ ಹುಲಿಗೆಮ್ಮ ಗುಂಡಿ ತಿರುಗಿಸಿದಳು. ರೇಡಿಯೋಗೆ ಹೊಸ ಶೆಲ್ಲು ಬಾರದೆ ಮೂರು ತಿಂಗಳಾಗಿತ್ತು. ಹಳೆಯವನ್ನೇ ಅವಳು ಬೆಳಿಗ್ಗೆಯಿಂದ ಕಿಟಕಿ ಕಟ್ಟೆಯ ಬಿಸಿಲಿಗಿಟ್ಟು, ಈಗಷ್ಟೇ ಪೆಟ್ಟಿಗೆಯೊಳಗೆ ಹಾಕಿ, “ಇವತ್ತೊಂದಿನ ಓಡ್ತಾವ್ರೀ ಸಾ,” ಎಂದಿದ್ದಳು.

ಹಿಂದಿನ ಸಾಲಿನಿಂದ ಮಕ್ಕಳ ಬೆನ್ನುಗಳಷ್ಟೇ ಕಾಣುತ್ತಿದ್ದವು. ಮೇಷ್ಟ್ರು ಬೆನ್ನುಗಳನ್ನೇ ಓದತೊಡಗಿದರು. ಒಮ್ಮೆ ಭುಜಗಳೆಲ್ಲ ಕುಲುಕಿದವು. ನಗುವ ಮಾತು ಬಂದಿರಬೇಕೆಂದು ತಾವೂ ನಕ್ಕರು. ಪಕ್ಕದ ಕುರ್ಚಿಯಲ್ಲಿ ಇನ್‌ಸ್ಪೆಕ್ಟರೂ ನಗುತ್ತಿದ್ದರು. ಎದೆ ಸ್ವಲ್ಪ ಹಗುರಾಯಿತು.

ಆಮೇಲೆ ಭುಜಗಳು ಅಲುಗಾಡಲಿಲ್ಲ. ಮೈಯೆಲ್ಲ ಕಿವಿಯಾಗಿ ಕೇಳುತ್ತಿವೆ ಎಂದುಕೊಂಡರು. ಹುಲಿಗೆಮ್ಮ ಹಿಂತಿರುಗಿ ನೋಡಿದಳು. ಮೇಷ್ಟ್ರು ತುಟಿಯ ಮೇಲೆ ಬೆರಳಿಟ್ಟು, “ಶ್! ಆ ಕಡೆ ನೋಡಿ ಕೇಳು,” ಎಂದರು. ಅವಳು ಬಾಯಿ ತೆರೆದವಳು ಮುಚ್ಚಿಕೊಂಡಳು. ಇನ್ನಿಬ್ಬರು ತಿರುಗಿದರು. ಅವರಿಗೂ ಬೆರಳು ತೋರಿಸಿ, ಇನ್‌ಸ್ಪೆಕ್ಟರ ಕಡೆ ಬಾಗಿದರು.

“ಎಷ್ಟು ಚೆನ್ನಾಗಿ ಹೇಳ್ತಿದಾರೆ, ಅಲ್ವಾ ಸಾರ್?”

ಇನ್‌ಸ್ಪೆಕ್ಟರ ದವಡೆ ನಿಂತಿತು. ಮೇಷ್ಟ್ರು ಆ ಬಾಯನ್ನೇ ನೋಡುತ್ತಾ ಕಾದರು. ಅದು ಮತ್ತೆ ನಿಧಾನಕ್ಕೆ ಅಗಿಯತೊಡಗಿತು.

ಕೈಗಡಿಯಾರದಲ್ಲಿ ಸರಿಯಾಗಿ ಮೂರಾದಾಗ ಎದ್ದು ಮಕ್ಕಳ ಮುಂದೆ ನಿಂತರು.

“ರಾಣಿ ನೊಣದ ಬಗ್ಗೆ ಈಗ ರೇಡಿಯೋದಾಗೆ ಏನು ಹೇಳಿದ್ರು? ಯಾರು ಹೇಳ್ತೀರಿ?”

ಯಾರೂ ಕೈಯೆತ್ತಲಿಲ್ಲ. ಕೊನೆಗೆ ಹುಲಿಗೆಮ್ಮ ಎದ್ದಳು. ರಾಣಿ ನೊಣ ಒಂದೇ ಇರುವುದು, ಅದು ಮೊಟ್ಟೆ ಇಡುವುದು, ಕೆಲಸದ ನೊಣಗಳು ಅದಕ್ಕೆ ಉಣಿಸುವುದು, ಎಲ್ಲವನ್ನೂ ಒಂದೊಂದೇ ಮಾತು ಬಿಡಿಸಿ ಹೇಳಿದಳು. ನಿನ್ನೆ ಅವರು ಹೇಳಿಕೊಟ್ಟಿದ್ದ ಮಾತುಗಳೇ. ಹೇಳುತ್ತಾ ಅವಳು ಬಾಯಿ ಬಹಳ ಅಗಲಿಸುತ್ತಿದ್ದಳು, ಕಸ್ತೂರಮ್ಮನ ಹಾಗೆ.

“ಭೇಷ್,” ಎಂದ ಮೇಷ್ಟ್ರು ರೇಡಿಯೋ ಆರಿಸಲು ತಿರುಗಿ, ರೂಢಿಯಂತೆ ಅಂಗೈಯನ್ನು ಪೆಟ್ಟಿಗೆಯ ಮೇಲಿಟ್ಟರು.

ನಡುಕವಿರಲಿಲ್ಲ. ಗುಂಡಿ ಇನ್ನೂ ತಿರುಗಿಸಿದಲ್ಲೇ ಇತ್ತು. ರೇಡಿಯೋ ಎಷ್ಟು ಹೊತ್ತಿಗೆ ನಿಂತಿತ್ತೋ.

ಅವರು ಮಕ್ಕಳ ಕಡೆ ತಿರುಗಲಿಲ್ಲ. ಹಿಂದಿನಿಂದ ಯಾರಾದರೂ ಕರೆಯುತ್ತಿದ್ದಿರಬಹುದು. ಬಿಸಿಲಿಗಿಟ್ಟಿದ್ದ ಶೆಲ್ಲುಗಳಿಂದ ಪೆಟ್ಟಿಗೆಯ ಬೆನ್ನು ಇನ್ನೂ ಸ್ವಲ್ಪ ಬೆಚ್ಚಗಿತ್ತು.