ಮೂಗಿಗೆ ಮೂಗು

ಪರದೆಯ ಮೇಲಿನ ಎರಡು ಸಾಲು ಜೀನ್ ಅಕ್ಷರಗಳನ್ನು ಅಕ್ಕ ಬಿಟ್ಟಗಣ್ಣಿನಿಂದ ನೋಡುತ್ತ ಕುಳಿತಳು. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಸೋಂಕು ಪತ್ತೆ ಹಚ್ಚುವುದು ಅವಳ ಕೆಲಸ. ಮೇಲಿನ ಸಾಲು ತಮ್ಮನ ಗಂಟಲಲ್ಲಿ ಸಿಕ್ಕ ವೈರಸ್ಸಿನದು, ಕೆಳಗಿನದು ಮೃಗಾಲಯದ ತಬ್ಬಲಿ ಒಂಟೆಮರಿಯ ಮೂಗಿನದು. ಅಕ್ಷರಕ್ಕೆ ಅಕ್ಷರ ಒಂದೇ. ಮೈತುಂಬ ಮುಳ್ಳು ಕಟ್ಟಿಕೊಂಡ ಈ ಕೊರೊನಾ ಜಾತಿಯದು ಗಾತ್ರದಲ್ಲಿ ಧೂಳಿನ ಕಣದ ಮುಂದೆಯೂ ಏನೇನೂ ಅಲ್ಲ. ಮರಿಗೆ ಅದು ಬರೀ ನೆಗಡಿ. ಆಳೆತ್ತರದ ತಮ್ಮನನ್ನು ಮಾತ್ರ ಉಸಿರಿಗೆ ಒದ್ದಾಡುವಂತೆ ಮಂಚಕ್ಕೆ ಕೆಡವಿತ್ತು. ಎಲಾ ಇದರ, ಅಂದುಕೊಂಡಳು. ಹೆದರಬೇಕಾದ ಹೊತ್ತಿನಲ್ಲಿ ಬಂದದ್ದು ಬೆರಗು, ಅದಕ್ಕೆ ಅವಳಿಗೇ ನಾಚಿಕೆಯಾಯಿತು.

ಆದರೆ ಅದು ದಾಟಿದ್ದು ಹೇಗೆ? ಗೊತ್ತಾಗದಿದ್ದರೆ ಇನ್ನೊಬ್ಬರು ಮಲಗುವುದು ಖಂಡಿತ. ಒಂಟೆಗಳನ್ನು ನೋಡಿಕೊಳ್ಳುವ ತಮ್ಮನೋ ಕೇಳಿದವರಿಗೆಲ್ಲ ಒಂದೇ ರಾಗ ಎಳೆದಿದ್ದ. ಮಾಸ್ಕ್ ಹಾಕಿದ್ದೆ, ಗ್ಲೌಸ್ ಹಾಕಿದ್ದೆ. ಅವಳು ನೇರ ವಾರ್ಡಿಗೆ ಹೋಗಿ, ಗಾಜಿನ ಈಚೆ ನಿಂತು ಗೋಡೆಯ ಫೋನ್ ಎತ್ತಿದಳು.

"ನನ್ನ ಕಿವಿಗೆ ಹೂ ಇಡಬೇಡ. ಮರೀಗೆ ಏನ್ ಮಾಡ್ದೆ?"

ತಮ್ಮ ಮುಖ ತಿರುಗಿಸಿದ. "ಹೇಳಿದ್ರೆ ಅದನ್ನ ಕೊಂದ್‌ಬಿಡ್ತಾರೆ."

"ಯಾರೂ ಕೊಲ್ಲಲ್ಲ ಕಣೋ. ಮೂಗು ಸೋರೋದು ನಿಂತು, ಸೋಂಕು ಹೋಗೋವರೆಗೂ ಬೇರೆ ಇಡ್ತಾರೆ, ಅಷ್ಟೆ."

"ಒಂಟೆಗಳು ಎದುರಾದ್ರೆ ಮೂಗಿಗೆ ಮೂಗು ಕೊಟ್ಟು ಉಸಿರು ಊದ್ತವೆ ಅಕ್ಕಾ. ಅದೇ ಅವುಗಳ ನಮಸ್ಕಾರ. ತಾಯಿ ಸತ್ಮೇಲೆ ಮರಿ ಬಾಟ್ಲೀನೇ ಮುಟ್ಲಿಲ್ಲ. ಮಾಸ್ಕ್ ತೆಗೆದು ಊದ್ದೆ. ಅದೂ ನನ್ನ ಮುಖಕ್ಕೆ ಊದ್ತು. ಆಮೇಲೆ ಗಟಗಟ ಕುಡೀತು."

ಅಕ್ಕನ ಮೈ ಜುಮ್ಮೆಂದಿತು. ಪ್ರಾಣಿಯಿಂದ ಮನುಷ್ಯನಿಗೆ ರೋಗ ಹಾರುತ್ತದೆ ಎಂದರೆ ಅವಳ ಕಣ್ಣ ಮುಂದೆ ಬರುತ್ತಿದ್ದದ್ದು ಕೊಳಕು, ರಕ್ತ, ಕಚ್ಚಿದ ಗಾಯ. ಇದು ಬಂದದ್ದು ಒಂದು ನಮಸ್ಕಾರದಲ್ಲಿ! ಉಗಿಯಬೇಕೆಂದು ತೆರೆದ ಬಾಯಲ್ಲಿ ಬಂದದ್ದು ಬೇರೆಯೇ ಪ್ರಶ್ನೆ.

"ಈಗ ಅದಕ್ಕೆ ಹಾಲು ಯಾರು ಕುಡಿಸ್ತಿದಾರೆ?" ಕೇಳಿದಳು.

"ಭಾವ." ಅವಳ ಗಂಡ ಅದೇ ಮೃಗಾಲಯದ ಡಾಕ್ಟರು. ಹೇಳಿದ ಮೇಲೆ ತಮ್ಮನ ಮುಖ ಬಿಳುಚಿಕೊಂಡಿತು. "ಅಕ್ಕಾ, ಊದೋದನ್ನ ಅವರಿಗೂ ನಾನೇ ಕಲಿಸಿದ್ದೆ. ತಮಾಷೆಗೆ."

ಅವಳು ಗೋಡೆಯ ಫೋನ್ ಕೈಬಿಟ್ಟು ತನ್ನ ಮೊಬೈಲು ತೆಗೆದಳು. "ರೀ, ಎಲ್ಲಿದ್ದೀರಿ?"

"ಮರಿ ಹತ್ರ. ನಿನ್ನೆಯಿಂದ ಹಾಲು ಮುಟ್ಟಿಲ್ಲ ಕಣೇ, ಹಸಿದು ಕಂಗಾಲಾಗಿದೆ. ಮೂತಿ ಎತ್ಕೊಂಡು ಕಾಯ್ತಿದೆ ಪಾಪ. ಇರು, ಮಾಸ್ಕ್ ತೆಗ್ದು..."

"ಊದಬೇಡೀ!" ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. "ಮಾಸ್ಕ್ ಮುಟ್ಟಬೇಡಿ, ಆಚೆ ಬನ್ನಿ. ಅವನಿಗೆ ಅದ್ರಿಂದಾನೇ ಬಂದಿದ್ದು."

ಆ ಕಡೆ ದಡಬಡ ಹೆಜ್ಜೆಗಳು, ಬಾಗಿಲು ಹಾಕಿಕೊಂಡ ಸದ್ದು. ಅವಳಿಗೆ ಹೋದ ಜೀವ ಬಂತು. ಅಷ್ಟರಲ್ಲಿ ಬಾಗಿಲಾಚೆಯಿಂದ ಮರಿ ಕೂಗಿತು, ಮತ್ತೆ ಮತ್ತೆ ಕೂಗಿತು. ಅದು ಬೇಡುತ್ತಿದ್ದದ್ದು ಒಂದೇ ಒಂದು ಉಸಿರು. ಗಾಜಿನಾಚೆಯ ತಮ್ಮನಿಗೆ ಕೇಳಿಸದಿರಲಿ ಎಂದು ಅವಳು ಫೋನನ್ನು ಎದೆಗೆ ಒತ್ತಿಕೊಂಡಳು.