ಎಡಕ್ಕೆ ತಿರುಗಲು ಕಲಿತ ಸವೇಲಿ

ಮಾರ್ಚ್ ತಿಂಗಳ ಕೊನೆಯ ವಾರ ಸವೇಲಿ ಗೊರ್ದೆಯೆವ್ ಐಸ್ ಹಾಕಿ ಪಂದ್ಯದಲ್ಲಿ ತನ್ನದೇ ತಂಡದ ಗೋಲಿಗೆ ಬಿಲ್ಲೆ ಸೇರಿಸಿ ಮೆದ್ನಿಕೊವೊ ಊರಿನವರೆಲ್ಲರ ಬಾಯಿಗೆ ಬಿದ್ದ.

ಅದು ಸೆಮಿಫೈನಲಿನ ಏಳು ಪಂದ್ಯಗಳಲ್ಲಿ ಕೊನೆಯದು. ಎರಡೂ ತಂಡಗಳು ಸಮಸಮ ನಿಂತು ಹೆಚ್ಚುವರಿ ಆಟ ನಡೆಯುತ್ತಿತ್ತು. ಯಾರು ಮೊದಲು ಗೋಲು ಹೊಡೆಯುತ್ತಾರೋ ಅವರು ಫೈನಲಿಗೆ. ಸೈಬೀರಿಯಾದ ತಂಡದ ಹುರುಪಿನ ಆಟಗಾರನೊಬ್ಬ ಸವೇಲಿಯ ಎಡಗಡೆ, ಅವನಿಗೂ ಅಂಗಳದ ಗೋಡೆಗೂ ನಡುವಿನ ಸಂದಿನಲ್ಲಿ ನುಗ್ಗಿದ. ಅವನತ್ತ ಮುಖ ಮಾಡಿ ಹಿಂದಕ್ಕೆ ಜಾರುತ್ತಿದ್ದ ಸವೇಲಿ ತಿರುಗಿ ಬೆನ್ನು ಹತ್ತುವಷ್ಟರಲ್ಲಿ ಅರ್ಧ ಮೈ ಹಿಂದೆ ಬಿದ್ದಾಗಿತ್ತು. ಬೇರೆ ದಾರಿ ಕಾಣದೆ ಹೊಟ್ಟೆಯ ಮೇಲೆ ಹಾರಿ ಕೋಲು ಚಾಚಿದ. ಬಿಲ್ಲೆ ಕೋಲಿಗೆ ತಗುಲಿ ಮೇಲಕ್ಕೆ ಚಿಮ್ಮಿತು. ತಮ್ಮ ಗೋಲ್‌ಕೀಪರನ ಹೆಗಲ ಮೇಲಿಂದ ಹಾಯ್ದು ಬಲೆಯೊಳಗೆ ಬಿತ್ತು.

ಮಂಜಿನ ಅರಮನೆ ಎಂಬ ಊರಿನ ಕ್ರೀಡಾಂಗಣ ಕಿಕ್ಕಿರಿದಿತ್ತು. ಸವೇಲಿ ಮಂಜಿನ ಮೇಲೆ ಬೋರಲಾಗಿಯೇ ಬಿದ್ದಿದ್ದ. ಎದ್ದರೆ ಆ ಮುಖಗಳನ್ನೆಲ್ಲ ನೋಡಬೇಕಾಗುತ್ತದಲ್ಲ ಎಂದು ಅವನಿಗೆ ಏಳಲು ಮನಸ್ಸೇ ಬರಲಿಲ್ಲ.

ಅವನು ಅದೇ ಊರಿನವನು. ಅಪ್ಪ ತಾಮ್ರ ಕರಗಿಸುವ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ನಿಂತು ಮುದುಕನಾದವನು. ಮಗ ವಠಾರದ ಅಂಗಳದಲ್ಲಿ ನೀರು ಹೊಯ್ದು ಗಟ್ಟಿಮಾಡಿದ ಮಂಜಿನ ಮೇಲೆ ಆಡಲು ಕಲಿತು, ಹೊರಊರಿನ ತಂಡಗಳಲ್ಲಿ ಹಲವು ವರ್ಷ ಆಡಿ, ಮತ್ತೆ ಊರಿನ 'ಪ್ಲಾಮ್ಯ' ತಂಡಕ್ಕೇ ಬಂದು ಸೇರಿದ್ದ. ಹೆಸರುವಾಸಿ ಆಟಗಾರನೇನಲ್ಲ. ಗೋಲು ಹೊಡೆಯುವವರ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಹಿಂದೆ ನಿಂತು ತಡೆಯುವವನ ಹೆಸರು ಅವನು ತಡೆಯದೆ ಹೋದ ದಿನ ಮಾತ್ರ ಬರುತ್ತದೆ. ಮೂವತ್ತೊಂದರ ವಯಸ್ಸಿಗೆ ಸವೇಲಿಯ ಹೆಸರು ದೊಡ್ಡ ಅಕ್ಷರದಲ್ಲಿ ಬಂದದ್ದು ಹಾಗೆ.

ಮರುವಾರ ಸಂತೆಕಟ್ಟೆಗೆ ಹೋದರೆ ಉಪ್ಪಿನಲ್ಲಿ ಹಾಕಿದ ಸೌತೆಕಾಯಿ, ಎಲೆಕೋಸು ಮಾರುವ ಕ್ಲಾವಾ ಚಿಕ್ಕಮ್ಮ ದೂರದಿಂದಲೇ ಕರೆದಳು.

"ಬಾರಪ್ಪಾ ಸವೇಲಿ, ಬಾ. ಈ ವರ್ಷ ನಮ್ಮೂರಲ್ಲಿ ಹೆಸರು ಮಾಡ್ದೋನು ನೀನೊಬ್ನೇ. ಸೈಬೀರಿಯಾದಲ್ಲಿ ಒಂದು ಬೀದಿಗೆ ನಿನ್ ಹೆಸರೇ ಇಡ್ತಾರಂತೆ."

ಸುತ್ತ ನಿಂತವರು ನಕ್ಕರು. ಸವೇಲಿಯೂ ನಗುವಂತೆ ಮಾಡಿದ.

"ಸೌತೆಕಾಯಿ ಕೊಡಿ ಚಿಕ್ಕಮ್ಮ. ಉಪ್ಪು ನೀವೇ ಹಾಕ್ತಿದ್ದೀರಲ್ಲ, ಸಾಕಾಗುತ್ತೆ," ಎಂದ.

ಕ್ಲಾವಾ ಒಂದು ಸೌತೆಕಾಯಿ ಹೆಚ್ಚಿಗೆ ಹಾಕಿದಳು. ಆದರೆ ಮುಂದಿನ ವಾರ ಮತ್ತೆ ಅದೇ ಬೀದಿಯ ಮಾತು ತೆಗೆದಳು.

ಅವನ ಹೆಂಡತಿ ಜೋಯಾ ಕೂದಲು ಕತ್ತರಿಸುವ ಅಂಗಡಿ ನಡೆಸುತ್ತಿದ್ದಳು. ಊರಿನ ಹೆಂಗಸರ ಮಾತೆಲ್ಲ ಅವಳ ಕುರ್ಚಿಯ ಸುತ್ತಲೇ ಹುಟ್ಟುತ್ತಿತ್ತು. ಈಗ ಅವಳು ಒಳಗಿನಿಂದ ಬಂದರೆ ಕನ್ನಡಿಯ ಮುಂದೆ ಕೂತವರು ಮಾತು ನಿಲ್ಲಿಸಿ ಹವೆಯ ವಿಷಯ ಎತ್ತುತ್ತಿದ್ದರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಹವೆಯ ವಿಷಯಕ್ಕೆ ಏನು ಹೇಳುವುದು ಎಂದು ಒಂದು ಸಂಜೆ ಅವಳು ಸವೇಲಿಯ ಮುಂದೆ ಅತ್ತುಬಿಟ್ಟಳು.

ಅಷ್ಟರಲ್ಲಿ ದೇಶದ ಪೂರ್ವದ ತುದಿಯ ಒಂದು ತಂಡದಿಂದ ಕರೆ ಬಂತು. ಸಂಬಳ ಕಡಿಮೆಯೇನಿರಲಿಲ್ಲ. 'ಪ್ಲಾಮ್ಯ'ದ ಹಿರಿಯ ತರಬೇತುದಾರ ಅರ್ಕಾದಿ ಪಾವ್ಲೊವಿಚ್ ಅವನನ್ನು ಕೋಣೆಗೆ ಕರೆದು, ಟೀ ಬಗ್ಗಿಸಿ ಕೊಟ್ಟು, ಹೋಗುವುದೇ ಮೇಲು ಎಂದು ಮೆತ್ತಗೆ ಹೇಳಿದರು. ಸವೇಲಿಯ ಎಡಗಡೆಯ ಕಥೆ ಈಗ ಎಲ್ಲ ತಂಡಗಳಿಗೂ ಗೊತ್ತಾಗಿದೆ, ಬರುವ ವರ್ಷ ಎಲ್ಲರೂ ಅಲ್ಲಿಂದಲೇ ನುಗ್ಗುತ್ತಾರೆ ಎಂದರು.

"ಎಡಕ್ಕೆ ತಿರುಗೋದನ್ನ ಕಲಿತೀನಿ, ಅರ್ಕಾದಿ ಪಾವ್ಲೊವಿಚ್," ಎಂದ ಸವೇಲಿ.

"ಈ ವಯಸ್ಸಲ್ಲಿ ಯಾರಿಗಾದ್ರೂ ಹೊಸ ಕಾಲು ಬರುತ್ತೇನಪ್ಪಾ," ಎಂದು ಅವರು ತಮ್ಮ ಲೋಟ ನೋಡಿಕೊಂಡರು.

ಮಾತು ಸುಳ್ಳಾಗಿರಲಿಲ್ಲ. ಹುಡುಗನಾಗಿದ್ದಾಗ ಸವೇಲಿ ಶೆಡ್ಡಿನ ಮಾಡಿನಿಂದ ಬಿದ್ದು ಎಡಗಾಲಿನ ಹರಡಿನ ಕೀಲು ಮುರಿದುಕೊಂಡಿದ್ದ. ಮೂಳೆ ಕೂಡಿಕೊಂಡಿತು, ಅಂಜಿಕೆ ಉಳಿದುಕೊಂಡಿತು. ಆ ಕಾಲಿನ ಮೇಲೆ ಪೂರ್ತಿ ಭಾರ ಬಿಟ್ಟು ತಿರುಗಬೇಕಾದಾಗಲೆಲ್ಲ ಅವನ ಮೈ ಕಣ್ಣು ಮಿಟುಕಿಸುವಷ್ಟು ಹೊತ್ತು ಹಿಂಜರಿಯುತ್ತಿತ್ತು. ಅದನ್ನು ಅವನು ಜಾಣತನದಿಂದ ಮುಚ್ಚಿಟ್ಟಿದ್ದ. ಎಡಗಡೆಯ ಗೋಡೆಗೆ ಅಂಟಿಕೊಂಡಂತೆ ನಿಂತು, ಎದುರಾಳಿಯನ್ನು ನಡುವಿಗೆ ಅಟ್ಟಿ, ಜೋಡಿಯ ಆಟಗಾರನ ಕೈಗೆ ಒಪ್ಪಿಸುತ್ತಿದ್ದ. ಎಲ್ಲರೂ ಅದನ್ನು ಅವನ ಆಟದ ರೀತಿ ಎಂದೇ ತಿಳಿದಿದ್ದರು. ವರ್ಷಗಳು ಕಳೆದಂತೆ ಅವನೂ ಹಾಗೆಯೇ ನಂಬಿದ್ದ.

ಜೋಯಾಳಿಗೆ ಹೊರಟುಹೋಗುವ ಮನಸ್ಸಿತ್ತು. ಅಲ್ಲಿ ಸಮುದ್ರ ನೋಡಿದ ಹಾಗೂ ಆಗುತ್ತದೆ, ಯಾರೂ ಗುರುತು ಹಿಡಿಯುವುದಿಲ್ಲ ಎಂದಳು. ಸವೇಲಿ ಹೇಳಿದ:

"ಊರು ಬಿಟ್ಟು ಹೋಗ್ಬಹುದು ಜೋಯಾ. ನನ್ನ ಎಡಗಡೆ ನನ್ ಜೊತೇಲೇ ಬರುತ್ತಲ್ಲ."

ಅವಳು ಮತ್ತೆ ಆ ಮಾತು ಎತ್ತಲಿಲ್ಲ.

ಬೇಸಿಗೆಯಲ್ಲಿ ದೊಡ್ಡ ಅಂಗಳದ ಮಂಜು ಕರಗಿಸಿಬಿಡುತ್ತಾರೆ. ಊರಾಚೆಯ ಮಕ್ಕಳ ಅಂಗಳದಲ್ಲಿ ಮಾತ್ರ ವರ್ಷವಿಡೀ ಮಂಜಿರುತ್ತದೆ. ಅಲ್ಲಿ ಕೀರಾ ಲ್ವೊವ್ನಾ ಎಂಬ ಅರವತ್ತು ದಾಟಿದ ಹೆಂಗಸು ಹೆಣ್ಣುಮಕ್ಕಳಿಗೆ ಸ್ಕೇಟು ಕಟ್ಟಿ ಕುಣಿಯುವ ಮಂಜಿನ ನೃತ್ಯ ಕಲಿಸುತ್ತಿದ್ದಳು. ಗುಬ್ಬಚ್ಚಿಯಂಥ ಮೈ, ಆದರೆ ಬಾಯಿ ತೆರೆದರೆ ತಗಡಿನ ಮಾಡು ಗಡಗಡಿಸಬೇಕು. ಒಂದು ಕಾಲದಲ್ಲಿ ಅವಳ ಶಿಷ್ಯೆಯರು ದೊಡ್ಡ ದೊಡ್ಡ ಪದಕ ತಂದವರು. ಸವೇಲಿ ಮೇ ತಿಂಗಳಲ್ಲಿ ಅವಳೆದುರು ಹೋಗಿ ನಿಂತು, ತನಗೂ ಕಲಿಸಬೇಕು ಎಂದು ಕೇಳಿದ.

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕೋಲು ಕೆಳಗಿಡಲು ಹೇಳಿ, ಸುಮ್ಮನೆ ನಾಲ್ಕು ಸುತ್ತು ಜಾರಿ ಬರಲು ಹೇಳಿದಳು. ಬಂದು ನಿಂತಾಗ ಅವಳೆಂದಳು:

"ನೀನು ಎಡಕ್ಕೆ ತಿರುಗ್ತಾ ಇಲ್ಲ ಕಣಪ್ಪ. ಎಡಕ್ಕೆ ಬೀಳ್ತಾ ಇದ್ದೀಯ. ಬೀಳೋ ಮೊದ್ಲು ಬಲಗಾಲು ಓಡಿಬಂದು ಹಿಡ್ಕೊಳ್ಳುತ್ತೆ. ಇಷ್ಟು ವರ್ಷ ನಿಂಗೆ ಯಾರೂ ಹೇಳ್ಲಿಲ್ವಾ?"

"ಯಾರಿಗೂ ಗೊತ್ತಾಗೋ ಹಾಗೆ ನಾನು ಆಡ್ಲಿಲ್ಲ," ಎಂದ ಸವೇಲಿ.

"ಹಾಗಾದ್ರೆ ನಾಳೆ ಬೆಳಿಗ್ಗೆ ಬಾ. ಚಿಕ್ಕೋರ ಸಾಲಲ್ಲಿ ನಿಂತ್ಕೊ."

ಚಿಕ್ಕವರೆಂದರೆ ಏಳೆಂಟು ವರ್ಷದ ಹುಡುಗಿಯರು. ಅವರ ಸಾಲಿನ ಕೊನೆಯಲ್ಲಿ ಸವೇಲಿ ನಿಂತರೆ ಸಸಿಗಳ ಪಕ್ಕ ಕಂಬ ನೆಟ್ಟಂತೆ ಕಾಣುತ್ತಿತ್ತು. ಎಡಗಾಲೊಂದರ ಮೇಲೆ, ಕೈಕಟ್ಟಿಕೊಂಡು, ಹಿಂದುಮುಂದಾಗಿ ಜಾರಬೇಕು. ಬಲಗಾಲು ಮಂಜಿಗೆ ತಾಗಕೂಡದು. ಹುಡುಗಿಯರು ಗಾಳಿಗೆ ಬಿಟ್ಟ ಪುಕ್ಕದಂತೆ ಸಾಗಿದರು. ಅವನು ಅರ್ಧ ದಾರಿಗೆ ಧೊಪ್ಪನೆ ಬಿದ್ದ. ಮತ್ತೆ ಎದ್ದ, ಮತ್ತೆ ಬಿದ್ದ. ಎರಡನೆಯ ವಾರಕ್ಕೆ ಹುಡುಗಿಯರು ಅವನಿಗೆ ಕರಡಿ ಮಾಮ ಎಂದು ಹೆಸರಿಟ್ಟು, ಅವನು ಬಿದ್ದಾಗಲೆಲ್ಲ ಒಟ್ಟಾಗಿ ಚಪ್ಪಾಳೆ ತಟ್ಟತೊಡಗಿದರು.

ಸಂಜೆಗೆ ಹರಡು ಊದಿಕೊಳ್ಳುತ್ತಿತ್ತು. ಜೋಯಾ ಬಕೆಟ್ಟಿನಲ್ಲಿ ತಣ್ಣೀರು ತಂದಿಟ್ಟು, ಅವನ ಕಾಲು ಅದರೊಳಗೆ ಇಳಿಸಿ, ತಾನು ಪಕ್ಕದಲ್ಲಿ ಕೂತು ಆಲೂಗಡ್ಡೆ ಹೆರೆಯುತ್ತಿದ್ದಳು. ಒಂದು ದಿನ ಅಂಗಡಿಗೆ ಬೇಗ ಬೀಗ ಹಾಕಿ ಅವನ ಪಾಠ ನೋಡಲು ಹೋದಳು. ಕೆಂಪು ಗೌನಿನ ಪುಟ್ಟ ಹುಡುಗಿಯೊಬ್ಬಳು ಅವನ ಮಂಡಿ ತಟ್ಟಿ, ಇದನ್ನು ಬಗ್ಗಿಸಬೇಕು ಎಂದು ತೋರಿಸಿಕೊಡುತ್ತಿದ್ದುದನ್ನು ಕಂಡು, ಬೆಂಚಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮಾರ್ಚ್ ಕಳೆದ ಮೇಲೆ ಅವಳು ನಕ್ಕದ್ದನ್ನು ಸವೇಲಿ ಕಂಡದ್ದು ಅದೇ ಮೊದಲು.

ಯಾರೋ ಫೋಟೊ ತೆಗೆದು ಎಲ್ಲರ ಫೋನಿಗೆ ಹಂಚಿದರು. ಇನ್ನೇನು ಬೇಕು? ಬಸ್ಸಿನಲ್ಲಿ, ಹಬೆಸ್ನಾನದ ಮನೆಯಲ್ಲಿ, ಎಲ್ಲಿ ಹೋದರೂ ಅವನನ್ನು ನರ್ತಕಿ ಎಂದು ಕರೆಯತೊಡಗಿದರು. ಕ್ಲಾವಾ ಚಿಕ್ಕಮ್ಮ, ಲಂಗ ಹೊಲಿಸಲು ತನ್ನ ಹತ್ತಿರ ಒಳ್ಳೆಯ ಬಟ್ಟೆ ಇದೆ ಎಂದಳು. ಸವೇಲಿ ಮರುದಿನ ಕೀರಾ ಲ್ವೊವ್ನಾಳ ಹತ್ತಿರ, ಅಂಗಳ ಮುಚ್ಚಿದ ಮೇಲೆ ಒಬ್ಬನೇ ಬಂದು ಕಲಿಯಬಹುದೇ ಎಂದು ಕೇಳಿದ.

"ಪಂದ್ಯಾನೂ ಬಾಗ್ಲು ಹಾಕ್ಕೊಂಡೇ ಆಡ್ತೀರೇನು?" ಎಂದಳು ಅವಳು.

ಅವನು ಹೋಗಿ ಸಾಲಿನ ಕೊನೆಯಲ್ಲಿ ನಿಂತ. ಬಾಗಿಲ ಹತ್ತಿರ ಫೋನು ಹಿಡಿದು ಕಾದಿದ್ದವರು ನಾಲ್ಕು ದಿನ ಬಂದರು. ಆಮೇಲೆ ಬೇಸರ ಬಂದು ಬಿಟ್ಟರು.

ಜುಲೈ ಕೊನೆಯ ಒಂದು ಬೆಳಿಗ್ಗೆ ಅವನು ಹಿಂದಕ್ಕೆ ಜಾರುತ್ತ ಬಂದು, ಎಡಗಾಲಿನ ಮೇಲೆ ಭಾರ ಬಿಟ್ಟು, ಸರ್ರನೆ ತಿರುಗಿ ಮುಂದಕ್ಕೆ ಹೋದ. ಹೋದ ಮೇಲೆಯೇ ಅದು ಅವನಿಗೆ ಗೊತ್ತಾದದ್ದು. ಹುಡುಗಿಯರು ಚಪ್ಪಾಳೆ ತಟ್ಟಲು ಕೈ ಎತ್ತಿದ್ದವರು ಹಾಗೆಯೇ ನಿಂತಿದ್ದರು. ಕೀರಾ ಲ್ವೊವ್ನಾ ಹತ್ತಿರ ಬಂದು, ಈಗ ಏನು ಯೋಚಿಸುತ್ತಿದ್ದೆ ಎಂದು ಕೇಳಿದಳು.

"ಮನೆಗೆ ಬೆಣ್ಣೆ ತಗೊಂಡು ಹೋಗ್ಬೇಕಿತ್ತು," ಎಂದ ಸವೇಲಿ.

"ಹಾಗಾದ್ರೆ ಬೆಣ್ಣೇನೇ ಯೋಚ್ನೆ ಮಾಡು. ಕಾಲಿನ ತಂಟೆಗೆ ಹೋಗ್ಬೇಡ."

ಕಾಲು ಒಮ್ಮೆ ಕಲಿತದ್ದನ್ನು ಮರುದಿನ ಮರೆಯುತ್ತಿತ್ತು, ಆಮೇಲೆ ಮತ್ತೆ ನೆನಪಿಸಿಕೊಳ್ಳುತ್ತಿತ್ತು. ತಂಡದ ಅಭ್ಯಾಸ ಶುರುವಾದ ಮೇಲೂ ಅವನು ಬೆಳಿಗ್ಗೆ ಮಕ್ಕಳ ಅಂಗಳಕ್ಕೆ ಹೋಗಿಯೇ ದೊಡ್ಡ ಅಂಗಳಕ್ಕೆ ಬರುತ್ತಿದ್ದ.

ಸೆಪ್ಟೆಂಬರಿನಲ್ಲಿ ಪಂದ್ಯಗಳು ಆರಂಭವಾದವು. ಅರ್ಕಾದಿ ಪಾವ್ಲೊವಿಚ್ ಅವನನ್ನು ಬೆಂಚಿನ ಮೇಲೆ ಕೂರಿಸಿದರು. ಆಗೊಮ್ಮೆ ಈಗೊಮ್ಮೆ ಇಳಿಸಿದಾಗ, ಬಿಲ್ಲೆ ಅವನ ಕೋಲಿಗೆ ಬಂದರೆ ಸಾಕು, ಮೇಲಿನ ಸಾಲುಗಳಿಂದ ಸಿಳ್ಳೆ ಸುರಿಯುತ್ತಿತ್ತು. ಎದುರಾಳಿಗಳು ಸಿಳ್ಳೆ ಹಾಕಿದರೆ ಆಟಗಾರನಿಗೆ ಹುಮ್ಮಸ್ಸು. ಸ್ವಂತ ಊರಿನ ಸಿಳ್ಳೆ ಮಾತ್ರ ಶಿರಸ್ತ್ರಾಣದೊಳಕ್ಕೂ ಇಳಿಯುತ್ತದೆ. ಸವೇಲಿ ಯಾರತ್ತಲೂ ತಲೆಯೆತ್ತಿ ನೋಡದೆ ಬಿಲ್ಲೆಯನ್ನು ಜೊತೆಯವನಿಗೆ ದಾಟಿಸಿ ತನ್ನ ಜಾಗಕ್ಕೆ ಮರಳುತ್ತಿದ್ದ. ಬೇರೆ ಏನು ಮಾಡಿದರೂ ಅವರಿಗೆ ಉತ್ತರ ಕೊಟ್ಟಂತಾಗುತ್ತದೆ ಎಂದು ಅವನ ಎಣಿಕೆ.

ನವೆಂಬರಿನಲ್ಲಿ ತಂಡದ ಇಬ್ಬರು ರಕ್ಷಕರು ಗಾಯಗೊಂಡರು. ಗತ್ಯಂತರವಿಲ್ಲದೆ ಅವನಿಗೆ ಪೂರ್ತಿ ಆಟ ಸಿಕ್ಕಿತು. ತರಬೇತುದಾರರು ಹೇಳಿದ್ದಂತೆಯೇ ಎಲ್ಲರೂ ಅವನ ಎಡಗಡೆಯೇ ನುಗ್ಗಿದರು. ಮೊದಲನೆಯವನು ಗೋಡೆಯ ಪಕ್ಕದಿಂದ ಬಾಣದಂತೆ ಬಂದ. ಸವೇಲಿ ತಿರುಗಿದ, ಅವನ ಹೆಗಲಿಗೆ ಹೆಗಲು ಕೊಟ್ಟು ಗೋಡೆಗೆ ಒತ್ತಿ, ಬಿಲ್ಲೆ ಕಿತ್ತುಕೊಂಡು ಹೊರಟ. ಬಂದವನು ಇದು ಆಕಸ್ಮಿಕವೆಂದುಕೊಂಡಿರಬೇಕು, ಸ್ವಲ್ಪ ಹೊತ್ತಿಗೆ ಮತ್ತೆ ಬಂದ. ಮತ್ತೆ ಅದೇ ಆಯಿತು. ನೋಡುವವರಿಗೆ ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ, ಗೋಲಾಗಲಿಲ್ಲ, ಅಷ್ಟೆ. ಆದರೆ ಚಳಿ ಬಲಿಯುವ ಹೊತ್ತಿಗೆ ಎದುರಾಳಿಗಳು ಆ ದಾರಿ ಬಿಟ್ಟು ಬೇರೆ ದಾರಿ ಹುಡುಕತೊಡಗಿದ್ದರು.

ಸಿಳ್ಳೆ ಒಂದೇ ದಿನ ನಿಲ್ಲಲಿಲ್ಲ. ಮೊದಲು ಎಡಬದಿಯ ಸಾಲಿನವರು ಬಿಟ್ಟರು, ಕೆಲವರು ಬಹುಶಃ ಮರೆತರು. ಜನವರಿಯ ಒಂದು ಪಂದ್ಯದಲ್ಲಿ ಬಿಲ್ಲೆ ತನ್ನ ಕೋಲಿನಲ್ಲಿದ್ದಾಗ ಸುತ್ತ ನಿಶ್ಶಬ್ದವಾಗಿದ್ದದ್ದು ಸವೇಲಿಗೆ ಎಷ್ಟು ಹೊಸದೆನಿಸಿತೆಂದರೆ, ಕ್ಷಣಹೊತ್ತು ತಬ್ಬಿಬ್ಬಾಗಿ ಬಿಲ್ಲೆ ಕಳೆದುಕೊಳ್ಳುವುದರಲ್ಲಿದ್ದ. ಅಂದು ಆಟ ಮುಗಿದ ಮೇಲೆ ಅರ್ಕಾದಿ ಪಾವ್ಲೊವಿಚ್ ಅವನ ಪಕ್ಕ ಬಂದು ಕೂತರು.

"ನಾನು ಹೇಳಿದ್ದು ತಪ್ಪಾಯ್ತು. ಇನ್ಮೇಲೆ ಮೊದಲ್ನೇ ಜೋಡೀಲಿ ಆಡು," ಎಂದರು.

ಸವೇಲಿ ಸ್ಕೇಟಿನ ಅಂಚು ಒರೆಸುತ್ತಲೇ ತಲೆಯಾಡಿಸಿದ.

ಆ ವಸಂತದಲ್ಲಿ 'ಪ್ಲಾಮ್ಯ' ಫೈನಲಿಗೆ ಹೋಯಿತು, ಫೈನಲಿನಲ್ಲಿ ಸೋತಿತು. ಕೊನೆಯ ಪಂದ್ಯದಲ್ಲಿ ಗೋಲಿನತ್ತ ಬಂದ ಬಿಲ್ಲೆಗೆ ಸವೇಲಿ ಅಡ್ಡಬಿದ್ದು ಬಲಗೈಯ ಬೆರಳು ಮುರಿದುಕೊಂಡ. ಕೈಗವಸಿನೊಳಗೆ ಎರಡು ಬೆರಳು ಸೇರಿಸಿ ಪಟ್ಟಿ ಕಟ್ಟಿಸಿಕೊಂಡು ಕೊನೆಯವರೆಗೂ ಆಡಿದ. ಗೆದ್ದವರು ಪ್ರಶಸ್ತಿಯ ಬಟ್ಟಲು ಎತ್ತಿ ಸುತ್ತು ಹೊಡೆಯುತ್ತಿದ್ದಾಗ ಮೆದ್ನಿಕೊವೊದ ಜನ ಮನೆಗೆ ಹೋಗದೆ ಎದ್ದುನಿಂತು ತಮ್ಮ ತಂಡಕ್ಕೆ ಚಪ್ಪಾಳೆ ತಟ್ಟಿದರು. ಯಾರೂ ಅವನ ಹೆಸರು ಬೇರೆಯಾಗಿ ಕೂಗಲಿಲ್ಲ. ಎಲ್ಲರ ಜೊತೆ ಸೋತು, ಎಲ್ಲರ ಜೊತೆ ಚಪ್ಪಾಳೆ ಪಡೆದು, ಅವನಿಗೆ ಹೊಟ್ಟೆ ತುಂಬಿದಂತಾಯಿತು. ಜೋಯಾ ಮೇಲಿನ ಸಾಲಿನಲ್ಲಿ ತನ್ನ ಅಂಗಡಿಯ ಹೆಂಗಸರ ನಡುವೆ ನಿಂತು ಎರಡೂ ಕೈ ಎತ್ತಿ ಬೀಸುತ್ತಿದ್ದಳು.

ಮರುದಿನ ಬೆಳಿಗ್ಗೆ ದೊಡ್ಡ ಅಂಗಳದ ಮಂಜು ಕರಗಿಸುವ ಏರ್ಪಾಟು ಮಾಡುತ್ತಿದ್ದ, ಅಲ್ಲಿನ ಯಂತ್ರಗಳನ್ನು ನೋಡಿಕೊಳ್ಳುವ ದಾನಿಲಿಚ್, ಕೈಗೆ ಪಟ್ಟಿ ಸುತ್ತಿಕೊಂಡ ಸವೇಲಿ ಚೀಲ ಹೊತ್ತು ಬಂದದ್ದನ್ನು ಕಂಡು ತಡೆದ. ನಿನ್ನೆ ತಾನೆ ಮುಗಿಯಿತಲ್ಲ, ಮನೆಗೆ ಹೋಗಿ ಮಲಗಬಾರದೇ ಎಂದು ಗದರಿದ. ಸವೇಲಿ, ಫೈನಲಿನಲ್ಲಿ ತಾನು ಬಿಲ್ಲೆ ದಾಟಿಸಿದ್ದು ಎರಡು ಸಲ ತಡವಾಯಿತು, ಅದು ಕಾಲಿಟ್ಟ ರೀತಿಯಿಂದಲೋ ಏನೋ ನೋಡಬೇಕು ಎಂದ.

"ಮಧ್ಯಾಹ್ನದವರೆಗೆ ಮಂಜು ಇರುತ್ತೆ ಅಷ್ಟೆ," ಎಂದ ದಾನಿಲಿಚ್.

"ಸಾಕು. ಈ ಲೇಸ್ ಒಂಚೂರು ಬಿಗಿ ಮಾಡಿ ಕೊಡಿ ದಾನಿಲಿಚ್, ಒಂದೇ ಕೈಲಿ ಆಗ್ತಾ ಇಲ್ಲ," ಎಂದು ಸವೇಲಿ ಬೆಂಚಿನ ಮೇಲೆ ಕೂತು ಕಾಲು ಚಾಚಿದ.